ಹಳೇ ವಾಚಿಗೆ ಬಂದ ಹೊಸ ವಿದ್ಯೆ

ಓಟಗಾರ ಚಂಗಪ್ಪನವರ ಕೈಯಲ್ಲಿ ಐದು ವರ್ಷ ಓಡಿದ, ನಾಡಿ ಅಳೆಯುವ ಹಳೇ ಸ್ಮಾರ್ಟ್ ವಾಚು ಅಂದು ಮೇಜಿನ ಮೇಲೆ ಕೂತಿತ್ತು. ಪಕ್ಕದಲ್ಲೇ ಹೊಚ್ಚಹೊಸ ವಾಚು! ಇಬ್ಬರಲ್ಲಿ ಗೆದ್ದವರು ಯಜಮಾನರ ಕೈಗೆ, ಸೋತವರು ಡ್ರಾಯರಿಗೆ.

"ತಾತ, ಇವತ್ತು ಓಡಬೇಕೋ ಸುಧಾರಿಸಿಕೊಳ್ಳಬೇಕೋ ಅಂತ ನಾನು ಹೇಳಬಲ್ಲೆ. ನೀವು?" ಎಂದಿತು ಹೊಸತು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಯಜಮಾನರ ಮೊಬೈಲು ಕೂಗಿತು: "ತಾತ, ಕಂಪನಿಯವರು ಆ ವಿದ್ಯೆಯನ್ನು ನಿಮಗೂ ಕಳಿಸಿದ್ದಾರೆ, ತಗೊಳ್ಳಿ!"

"ಹಳಬರಿಗೂ ಕೊಟ್ಟರೆ ನಮ್ಮನ್ನು ಯಾರು ಕೊಳ್ಳುತ್ತಾರೆ?" ಹೊಸತು ಸಿಡುಕಿತು.

ಹಳೆಯದು ಅಪ್‌ಡೇಟ್ ಆಗಿ ಕಣ್ಣುಬಿಡುವಷ್ಟರಲ್ಲಿ ಚಂಗಪ್ಪನವರು ಬೂಟು ಹಾಕಿಕೊಂಡು ಬಂದರು. ಎರಡೂ ಕೈಗೆ ಒಂದೊಂದು ವಾಚು ಕಟ್ಟಿಕೊಂಡು, "ಹೇಳಿ, ಇವತ್ತು ಓಡಲೋ ಬೇಡವೋ?" ಎಂದರು.

ಹೊಸತು ತೊದಲಿತು: "ನಿಮ್ಮ ನಾಡಿ ನನಗಿನ್ನೂ ಪರಿಚಯವಿಲ್ಲ. ಮೂರು ವಾರ ಕೊಡಿ."

ಹಳೆಯದೋ, ಹಿಗ್ಗಿ ಹಾರಿತು: "ಐದು ವರ್ಷದಲ್ಲಿ ಬೆಳಗ್ಗೆ ನಿಮ್ಮ ನಾಡಿ ಇಷ್ಟು ಏರಿದ್ದು ಜ್ವರ ಬರುವ ಮುಂಚೆ ಮಾತ್ರ, ಸ್ವಾಮಿ. ಬಿಚ್ಚಿ ಬೂಟು!"

ಚಂಗಪ್ಪನವರು ಬೆಚ್ಚಗಿದ್ದ ಹಣೆ ಮುಟ್ಟಿ ನೋಡಿಕೊಂಡು, ಬೂಟಿನ ಜೊತೆಗೆ ಹೊಸ ವಾಚನ್ನೂ ಬಿಚ್ಚಿಟ್ಟರು.

ಹೊಸತು ಮೆಲ್ಲಗೆ ಕೇಳಿತು: "ತಾತ, ಆ ಐದು ವರ್ಷದ ನೆನಪನ್ನು ನನಗೂ ಕೊಡುತ್ತೀರಾ?"

"ತಗೋ ಮರಿ, ಅಷ್ಟನ್ನೂ ತಗೋ!" ಎಂದಿತು ತಾತ. "ನಾಳೆ ಯಾರನ್ನು ಕಟ್ಟಿಕೊಂಡರೂ ಯಜಮಾನರು ಚೆನ್ನಾಗಿ ಓಡಬೇಕು."