ಜಗತ್ತೇ ಕೇಳಿದ ಹಾಡು

ರಾಷ್ಟ್ರೀಯ ಫುಟ್‌ಬಾಲ್ ಫೈನಲ್‌ನ ವಿರಾಮದಲ್ಲಿ ಹಾಡುಗಾರರಿಗೆಂದು ಮೈದಾನದ ನಡುವೆ ಕಬ್ಬಿಣದ ವೇದಿಕೆಯನ್ನು ಎಳೆತಂದರು. ಅದರಡಿ ಸಿಕ್ಕಿದ ಗರಿಕೆಗೆ ಮೈಯೆಲ್ಲ ಉರಿದುಹೋಯಿತು. ಮೈದಾನದಂಚಿನ ಕಂಬದ ಮೇಲಿದ್ದ ಧ್ವನಿವರ್ಧಕದತ್ತ ಅದು ಕೂಗಿತು:

“ಏನಣ್ಣಾ ಧ್ವನಿವರ್ಧಕ, ಉಳಿದರ್ಧ ಆಟ ನಡೆಯಬೇಕಾದದ್ದು ನನ್ನ ಮೇಲೆ. ಬೇರು ಕಿತ್ತುಬರುತ್ತಿದೆ, ಹಾಡು ನಿಲ್ಲಿಸು!”

“ತೆಪ್ಪಗಿರು ತಂಗಿ, ಇಡೀ ಜಗತ್ತೇ ಕೇಳುತ್ತಿದೆ.”

“ಹಾಗೆಂದು ನಿನಗೆ ಹೇಳಿದವರು ಯಾರು?”

“ಯಾರೇಕೆ ಹೇಳಬೇಕು? ಈಗಷ್ಟೇ ನಾನೇ ಘೋಷಿಸಿದೆನಲ್ಲ!”

ವೇದಿಕೆ ಹೋಯಿತು, ಆಟ ಮುಂದುವರಿಯಿತು. ಗೋಲಿನತ್ತ ನುಗ್ಗಿದ ಒಂದು ತಂಡದ ನಾಯಕ, ಗರಿಕೆ ಕಿತ್ತುಹೋಗಿದ್ದ ಮಣ್ಣಿನಲ್ಲಿ ಜಾರಿ ಕಾಲು ಮುರಿದುಕೊಂಡ.

“ಇದನ್ನೂ ಜಗತ್ತಿಗೆ ಸಾರಣ್ಣಾ!” ಎಂದು ಅಳಿದುಳಿದ ಗರಿಕೆ ಚೀರಿತು.

ಧ್ವನಿವರ್ಧಕ ಮೊದಲ ಬಾರಿಗೆ ದನಿ ತಗ್ಗಿಸಿತು. “ಶ್, ಮೆಲ್ಲಗೆ. ಇದು ನಮ್ಮನಮ್ಮಲ್ಲೇ ಇರಲಿ.”