ಕಾಳವ್ವನ ಎಡಗಿವಿ

ಬೆಟ್ಟಗಳು ಇನ್ನೂ ಬೆಳೆಯುತ್ತಿದ್ದ ಕಾಲದಲ್ಲಿ, ಒಂದಾನೊಂದು ಊರಿನಲ್ಲಿ, ಕಾಳವ್ವ ಅಂತ ಒಬ್ಬ ಕಂಚುಗಾರ್ತಿ ಇದ್ದಳಂತೆ. ಹಗಲೆಲ್ಲ ಠಣ್ ಠಣ್, ಠಣ್ ಠಣ್. ಕೊಡಗಳು ಹುಟ್ಟಿದವು, ಬಲಗಿವಿ ಸತ್ತಿತು. ಎಡಗಿವಿಯಲ್ಲಿ ಮಾತ್ರ, ಮೊಮ್ಮಗಳು ಹತ್ತಿರ ಬಂದು "ಅಜ್ಜೀ" ಎಂದರೆ ಕೇಳುವಷ್ಟು ಉಳಿದಿತ್ತು. ಆ ಕಂಚುಗಾರರ ಕೇರಿಯಲ್ಲಿ ಎಲ್ಲರದ್ದೂ ಅದೇ ಪಾಡು. ಹಾಗಾಗಿ ಅಲ್ಲಿ ಯಾರೂ ಬೆನ್ನ ಹಿಂದಿನಿಂದ ಕರೆಯುತ್ತಿರಲಿಲ್ಲ. ಎದುರಿಗೆ ಬಂದು, ಮುಖ ತೋರಿಸಿ ಮಾತಾಡುವುದೇ ಮರ್ಯಾದೆ.

ಅರಸನಿಗೆ ಆ ಮರ್ಯಾದೆ ಗೊತ್ತಿರಲಿಲ್ಲ. ಅರಸರಿಗೆ ಗೊತ್ತಿರಬೇಕೆಂದೂ ಇಲ್ಲವಲ್ಲ. ಒಂದು ದಿನ ಕುದುರೆಯೇರಿ ಬಂದವನು ಅವಳ ಹಿಂದೆ ನಿಂತು, "ಏಯ್ ಮುದುಕಿ, ದಾರಿ ಬಿಡು!" ಎಂದನಂತೆ. ಠಣ್ ಠಣ್. ಮತ್ತೆ ಕೂಗಿದ. ಠಣ್ ಠಣ್.

ಮರುದಿನ ಅವಳನ್ನು ಆಸ್ಥಾನಕ್ಕೆ ಎಳೆತಂದರು. ಸಿಂಹಾಸನದ ಮಗ್ಗುಲಲ್ಲೇ ಆಳೆತ್ತರದ ನಗಾರಿ. ಅರಸ ಕೂತರೂ ಢಂ, ಎದ್ದರೂ ಢಂ, ಸೀನಿದರೂ ಢಂ. ಪಕ್ಕದಲ್ಲಿ ಕಿವಿಪಂಡಿತ. ಕೈಯಲ್ಲಿ ಕಬ್ಬಿಣದ ಕಡ್ಡಿ, ಬಟ್ಟಲಲ್ಲಿ ಕಾದ ಎಣ್ಣೆ.

"ಗುಗ್ಗೆ ತುಂಬಿದೆ, ಪ್ರಭು. ಕೆದಕಿ ಎಣ್ಣೆ ಹುಯ್ದರೆ ಸರಿಹೋಗುತ್ತೆ" ಎಂದನಂತೆ. ಕಿವಿ ನೋಡಿರಲಿಲ್ಲ. ಪಂಡಿತರಾದವರು ನೋಡಬೇಕಾಗಿಲ್ಲ.

ಕಾಳವ್ವ ಅವನ ತುಟಿ ನೋಡಿಯೇ ತಿಳಿದುಕೊಂಡಳು. ಎಡಗಿವಿಗೆ ಅಂಗೈ ಮುಚ್ಚಿದಳು.

"ಮುಟ್ಟಿದರೆ ಕೈ ಮುರೀತೀನಿ! ಗುಗ್ಗೆ ಕಿವಿಯ ಕಾವಲು. ಹೆಚ್ಚಾದದ್ದು ತಾನಾಗೇ ಆಚೆ ಬರುತ್ತೆ. ನನ್ನ ಕಿವಿ ತಿಂದದ್ದು ಸುತ್ತಿಗೆ ಸದ್ದು. ಅದನ್ನ ಹೇಗಪ್ಪ ಕೆದಕಿ ತೆಗೀತೀಯ? ಅಷ್ಟು ಒಳ್ಳೇ ಕಡ್ಡಿಯಾದರೆ ಮೊದಲು ನಿನ್ನ ಕಿವಿಗೆ ಹಾಕ್ಕೋ."

"ನನ್ನ ಕಿವಿಗೇ? ತಮಟೆ ಹರಿದುಹೋದರೆ?" ಪಂಡಿತನ ಬಾಯಿಂದ ಜಾರಿಬಿಟ್ಟಿತು.

ಸಭೆಯೆಲ್ಲ ನಕ್ಕಿತು. ಅರಸ ನಗಲಿಲ್ಲ. "ಏನಂದ? ಈಚೆಗೆ ಎಲ್ಲರೂ ಗೊಣಗುತ್ತಾರಪ್ಪ" ಎಂದ.

ಸಭೆ ನೆಲ ನೋಡಿತು. ಕಾಳವ್ವ ನೇರ ಅವನೆದುರಿಗೆ ಹೋಗಿ ನಿಂತು, ನಿಧಾನವಾಗಿ ಹೇಳಿದಳಂತೆ:

"ಯಾರೂ ಗೊಣಗುತ್ತಿಲ್ಲ, ದೊರೆ. ನನಗೆ ಸುತ್ತಿಗೆ, ನಿನಗೆ ನಗಾರಿ. ಇನ್ನು ನೀನೂ ನಮ್ಮ ಕೇರಿಯವನೇ."

ಅರಸನಿಗೆ ಒಂದೊಂದು ಮಾತೂ ತಿಳಿಯಿತು. ಪಂಡಿತನಿಗೆ ಉತ್ಸಾಹ ಬಂತು. "ಹಾಗಾದರೆ ಪ್ರಭುಗಳಿಗೂ ಒಂದು ಸಲ..." ಎಂದು ಕಡ್ಡಿ ಎತ್ತಿದ. ಅರಸ ಥಟ್ಟನೆ ಎರಡೂ ಕಿವಿ ಮುಚ್ಚಿಕೊಂಡ.

ನಗಾರಿ ಕೋಟೆಬಾಗಿಲಿಗೆ ಹೋಯಿತು. ಬಾರಿಸುವವನೂ ಕಂಚುಗಾರರೂ ಕಿವಿಗೆ ದಪ್ಪ ಹತ್ತಿಪಟ್ಟಿ ಕಟ್ಟಿಕೊಂಡರು. ಹೋದ ಕಿವಿ ಯಾರಿಗೂ ಮರಳಲಿಲ್ಲ, ಉಳಿದದ್ದು ಉಳಿಯಿತು. ಪಂಡಿತನ ಕಡ್ಡಿಯಿಂದ ಕಾಳವ್ವ ಕೊನೇವರೆಗೂ ದೀಪದ ಬತ್ತಿ ನೂಕುತ್ತಿದ್ದಳಂತೆ.

ಅವರು ಅಲ್ಲಿ ಎದುರುಬದುರು ಕೂತು ಮಾತಾಡಿಕೊಂಡು ಸುಖವಾಗಿದ್ದಾರೆ. ನಾವು ಇಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂಗಾಡುತ್ತಿದ್ದೇವೆ.