ಗಾಣದ ಎತ್ತಿನ ಕಣ್ಣುಪಟ್ಟಿ ಬಿಚ್ಚಿದ್ದು

ಕುಸುಬೆ ಎಣ್ಣೆಯ ಗಾಣವೊಂದಕ್ಕೆ ನರಿ ಯಜಮಾನ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಗಾಣ ತಿರುಗಿಸುವುದು ಎತ್ತಿನ ಕೆಲಸ. ದಿನಗೂಲಿ ಒಂದು ಬುಟ್ಟಿ ಹಿಂಡಿ. ಒಂದು ದಿನ ಎತ್ತು ತಿರುಗುತ್ತಿದ್ದ ಹಾಗೇ ನಿಂತುಬಿಟ್ಟಿತು.

"ಇನ್ನು ಮೇಲೆ ಎರಡು ಬುಟ್ಟಿ ಕೊಡಬೇಕು."

"ಕೊಟ್ಟರೆ ಎಣ್ಣೆಯ ಬೆಲೆ ಏರಿಸಬೇಕು," ಎಂದಿತು ನರಿ. "ಏರಿಸಿದರೆ ಗಿರಾಕಿ ಬರುವುದಿಲ್ಲ. ಗಾಣ ನಿಂತರೆ ನಿನ್ನ ಆ ಒಂದು ಬುಟ್ಟಿಗೂ ಸಂಚಕಾರ. ನಂಬದಿದ್ದರೆ ನೀನೇ ನೋಡು." ಹೀಗೆಂದು ತಾನೇ ಪಟ್ಟಿ ಬಿಚ್ಚಿತು.

ಗೋಡೆಯುದ್ದಕ್ಕೂ ತುಂಬಿದ ಎಣ್ಣೆಕೊಡಗಳು ಧೂಳು ಹಿಡಿದು ಕೂತಿದ್ದವು.

"ಈಗಿನ ಬೆಲೆಗೇ ಮಾರಾಟವಿಲ್ಲ. ಕಂಡೆಯಾ?"

"ಕಂಡೆ. ನೊಗ ಉಜ್ಜಿ ನನ್ನ ಹೆಗಲು ಹುಣ್ಣಾಗಿದೆ. ಗಾಡಿ ಎಳೆಯುವ ಕೋಣಕ್ಕೂ, ಇಟ್ಟಿಗೆ ಹೊರುವ ಕತ್ತೆಗೂ ಮೈಯೆಲ್ಲ ಹುಣ್ಣೇ. ಹಚ್ಚಿಕೊಳ್ಳಲು ಎಣ್ಣೆ ಬೇಕಾದವರು ನಾವು. ಕೂಲಿ ಹೊಟ್ಟೆಗೇ ಸಾಲದಿದ್ದರೆ ಏನು ಕೊಟ್ಟು ಕೊಳ್ಳೋಣ? ಗಿರಾಕಿಯನ್ನು ಉಪವಾಸ ಕೆಡವಿ, ಗಿರಾಕಿ ಬರಲಿಲ್ಲವೆಂದು ಅಳುತ್ತೀಯಲ್ಲ!"

"ಬಾಯಿ ಮುಚ್ಚು. ಒಂದು ಬುಟ್ಟಿಗೆ ಕತ್ತೆಯನ್ನು ಕರೆತರುತ್ತೇನೆ."

"ಧಾರಾಳವಾಗಿ ಕರೆ. ಅದೂ ಎರಡೇ ಕೇಳುತ್ತದೆ. ನೀರು ಕುಡಿಯುವ ಹೊತ್ತಿನಲ್ಲಿ ನಾವೆಲ್ಲ ಮಾತಾಡಿಕೊಂಡಿದ್ದೇವೆ."

ನರಿ ಮತ್ತೆ ಪಟ್ಟಿ ಕಟ್ಟಲು ಬಂತು. ಎತ್ತು ತಲೆ ಒದರಿ ನೊಗವನ್ನು ನೆಲಕ್ಕೆ ಕೆಡವಿತು.

"ನೋಡಿದ ಕಣ್ಣಿಗೆ ಇನ್ನು ಪಟ್ಟಿ ಬೇಡ. ಎರಡು ಬುಟ್ಟಿ ಕೊಡು, ಇಲ್ಲವೇ ನೀನೇ ತಿರುಗಿಸು."

ನರಿಗೂ ರೋಷ ಬಂತು. ನೊಗದೊಳಗೆ ಕುತ್ತಿಗೆ ತೂರಿಸಿ ಒಮ್ಮೆ ಜೋರಾಗಿ ಎಳೆಯಿತು. ಗಾಣ ಅಲುಗಲಿಲ್ಲ; ನರಿಯೇ ನೊಗದೊಳಗಿಂದ ಇಡಿಯಾಗಿ ನುಸುಳಿ ಆಚೆ ಬಿತ್ತು. ಎದ್ದು ಮೈ ಕೊಡವಿಕೊಂಡು, ಎತ್ತಿನ ಮುಖ ನೋಡದೆ, ಇನ್ನೊಂದು ಬುಟ್ಟಿ ಹುಡುಕಲು ಒಳಗೆ ಹೋಯಿತು.